ಸ್ಕ್ರ್ಯಾಂಬ್ಲರ್ ಮತ್ತು ಬಂಡಿ ಓಣಿ: ‘ಆಫ್‌ರೋಡ್’ ಎಂಬ ಮಾತಿನ ಒಂದು ಓದು

(ಗಡಿಯಾಚೆಯ ಕನ್ನಡ ಬದುಕು ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಳ್ತೀನಿ. ಇಲ್ಲಿ ಕರೆಂಟು ಹೋದರೆ ಫೋನಿನಿಂದ ಮತ್ತೆ ಸೇರಿಕೊಳ್ತೀನಿ, ಐದು ನಿಮಿಷ ಕಾಯಬೇಕು.

ಬೆಳಗ್ಗೆಯಿಂದ ನಾವು ಗಡಿನಾಡಿನ ಶಾಲೆ, ಭೂದಾಖಲೆ, ಊರ ಹೆಸರು ಇವುಗಳ ಬಗ್ಗೆ ಕೇಳಿದ್ದೀವಿ. ಇಂಥ ಗೋಷ್ಠಿಯಲ್ಲಿ ಮೋಟಾರ್ ಸೈಕಲ್ ವಿಚಾರ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಒಂದು ಸಣ್ಣ ಪ್ರಸಂಗ ಹೇಳಿ ಶುರು ಮಾಡ್ತೀನಿ.

ನಮ್ಮೂರು ದೆಂಕಣಿಕೋಟೆಯಿಂದ ಅಂಚೆಟ್ಟಿ ಕಡೆ ಹೋಗುವ ರಸ್ತೆಯಿಂದ ಒಳಗಡೆ ಇದೆ. ಕಳೆದ ಸಂಕ್ರಾಂತಿಗೆ ಅಣ್ಣನ ಮಗ ಬೆಂಗಳೂರಿನಿಂದ ಮೂವರು ಗೆಳೆಯರ ಜೊತೆ ಬಂದಿದ್ದ. ನಾಲ್ಕೂ ಹೊಸ ಗಾಡಿ, ನಾಲ್ಕೂ ಸ್ಕ್ರ್ಯಾಂಬ್ಲರ್ ಮಾದರಿಯವು. ಊಟ ಆದ ಮೇಲೆ ನಮ್ಮಮ್ಮನನ್ನ ಕೇಳಿದ: “ಅಜ್ಜಿ, ಇಲ್ಲಿ ಆಫ್‌ರೋಡ್ ಎಲ್ಲಿ ಸಿಗುತ್ತೆ?” ಅಮ್ಮ, “ಅದ್ಯಾವ ಊರಪ್ಪ?” ಅಂದಳು. “ಊರಲ್ಲ ಅಜ್ಜಿ, ದಾರಿ ಇಲ್ಲದ ಕಡೆ.” ಅಮ್ಮ ಅವನನ್ನ ಒಂದು ಗಳಿಗೆ ನೋಡಿದಳು. “ದಾರಿ ಇಲ್ದಿದ್ ಕಡೆ ಯಾಕಪ್ಪ ಹೋಗ್ತೀರ? ಹೊಲಕ್ಕೋಗಕ್ಕೆ ಬಂಡಿ ಓಣಿ ಐತೆ, ಆಚೆ ಊರಿಗೆ ಕೆರೆ ಏರಿ ಐತೆ, ಗುಡ್ಡಕ್ಕೆ ದನದ ದಾರಿ ಐತೆ. ಯಾವ್ದು ಬೇಕೇಳು.”

ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಮಾತು ಕಾಡೋಕೆ ಶುರುವಾಯ್ತು. ಒಂದೇ ನೆಲದಲ್ಲಿ ಮೊಮ್ಮಗನಿಗೆ ದಾರಿ ಇಲ್ಲ, ಅಜ್ಜಿಗೆ ಮೂರು ದಾರಿ. ಇಬ್ಬರೂ ಮಾತಾಡ್ತಿರೋದು ಕನ್ನಡವೇ. ಈ ವ್ಯತ್ಯಾಸ ಎಲ್ಲಿಂದ ಬಂತು? ಉತ್ತರದ ಒಂದು ತುಂಡು ಅಂಗಳದಲ್ಲಿ ನಿಂತಿದ್ದ ಆ ನಾಲ್ಕು ಗಾಡಿಗಳಲ್ಲಿ ಇದೆ ಅನ್ನೋದು ನನ್ನ ವಾದ.

1. ಪದ ಹುಟ್ಟಿದ್ದು

ಸ್ಕ್ರ್ಯಾಂಬಲ್ ಅಂದರೆ ಕೈಕಾಲು ಊರಿಕೊಂಡು, ಬಿದ್ದು ಎದ್ದು, ಹೇಗೋ ಏರಿಹೋಗುವುದು. 1924ರ ಮಾರ್ಚ್ 29ರಂದು ಇಂಗ್ಲೆಂಡಿನ ಸರ್ರೆ ಸೀಮೆಯ ಕ್ಯಾಂಬರ್ಲಿ ಬಯಲಿನಲ್ಲಿ ಒಂದು ಮೋಟಾರ್ ಸೈಕಲ್ ಓಟ ನಡೆಯಿತು. ಅದರ ಹೆಸರು ಸದರ್ನ್ ಸ್ಕಾಟ್ ಸ್ಕ್ರ್ಯಾಂಬಲ್. ಅದಕ್ಕೂ ಮುಂಚೆ ಯಾರ್ಕ್‌ಷೈರ್ ಕಡೆ ಸ್ಕಾಟ್ ಟ್ರಯಲ್ ಅಂತ ಒಂದು ಪರೀಕ್ಷೆ ಇತ್ತು. ಅದರಲ್ಲಿ ವೇಗದ ಜೊತೆಗೆ ಕಠಿಣ ಜಾಗಗಳಲ್ಲಿ ಕಾಲು ನೆಲಕ್ಕೆ ತಾಗಿಸದೆ ಹೋಗುವ ಕೌಶಲಕ್ಕೂ ಅಂಕ. ದಕ್ಷಿಣದವರು ಆ ಅಂಕದ ಲೆಕ್ಕ ಕೈಬಿಟ್ಟರು, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು, ಅಷ್ಟೇ. ಬ್ರಿಟನ್ನಿನಲ್ಲಿ ಮುಂದೆ ದಶಕಗಳ ಕಾಲ ಇಂಥ ಓಟಗಳಿಗೆ ಸ್ಕ್ರ್ಯಾಂಬಲ್ ಅನ್ನೋ ಹೆಸರೇ ಉಳೀತು. ಫ್ರೆಂಚರ ಬಾಯಲ್ಲಿ ಅದು ಮೋಟೊಕ್ರಾಸ್ ಆಯಿತು, ಕೊನೆಗೆ ಲೋಕದಲ್ಲೆಲ್ಲ ಆ ಹೆಸರೇ ಗೆದ್ದಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ದಿನ ಕ್ಯಾಂಬರ್ಲಿಗೆ ಬಂದವರ ಹತ್ತಿರ ಸ್ಕ್ರ್ಯಾಂಬ್ಲರ್ ಅನ್ನೋ ಗಾಡಿ ಇರಲಿಲ್ಲ. ಅಂಥದ್ದೊಂದು ಜಾತಿಯೇ ಆಗ ಹುಟ್ಟಿರಲಿಲ್ಲ. ರಸ್ತೆ ಗಾಡಿಯ ಬೇಡದ ಭಾಗ ಬಿಚ್ಚಿ ಮಣ್ಣಿಗೆ ಇಳಿಸಿದ್ದರು. ಇರೋ ಗಾಡಿಯಲ್ಲೇ ಸಂಭಾಳಿಸೋದಕ್ಕೆ ಇಟ್ಟ ಹೆಸರು ಅದು. ಮೊದಲು ಅದು ಕ್ರಿಯಾಪದ, ನಾಮಪದ ಆಮೇಲೆ.

ನಾಮಪದ ಆಗಿದ್ದು ಮುಖ್ಯವಾಗಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕಾಗಿ. 1962ರಲ್ಲಿ ಹೋಂಡಾ ಸಿಎಲ್72 ಅನ್ನೋ 250 ಸಿಸಿ ಸ್ಕ್ರ್ಯಾಂಬ್ಲರ್ ತಂದಿತು. ಅದರ ತಾಕತ್ತು ತೋರಿಸೋಕೆ ಡೇವ್ ಈಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಜೂನಿಯರ್ ಮೆಕ್ಸಿಕೋದ ತಿಹುವಾನಾದಿಂದ ಲಾ ಪಾಜ್‌ವರೆಗೆ, ಬಹುಪಾಲು ಡಾಂಬರೇ ಇಲ್ಲದ ದಾರಿಯಲ್ಲಿ, ಸುಮಾರು 40 ಗಂಟೆಯಲ್ಲಿ ಹೋದರು. ಹೊರಟಾಗ ಒಂದು ತಂತಿ, ಮುಟ್ಟಿದಾಗ ಒಂದು ತಂತಿ ಕಳಿಸಿ ಸಮಯಕ್ಕೆ ಸಾಕ್ಷಿ ಮಾಡಿಕೊಂಡರು. ಅದೇ 1962ರಲ್ಲಿ ಅಮೆರಿಕದ ಆಮದುದಾರರ ಬೇಡಿಕೆಯ ಮೇಲೆ ಇಟಲಿಯ ಡುಕಾಟಿಯೂ ಸ್ಕ್ರ್ಯಾಂಬ್ಲರ್ ತಂದಿತು. ಟ್ರಯಂಫ್ ಟಿಆರ್6 ಗಾಡಿಗಳನ್ನ ಮರಳಿಗೆ ಹೊಂದಿಸಿ, ‘ಡೆಸರ್ಟ್ ಸ್ಲೆಡ್’ ಅಂದರೆ ಮರುಭೂಮಿಯ ಜಾರುಬಂಡಿ ಅಂತ ಕರೆದರು.

2. ಗಾಡಿಯನ್ನು ಓದುವುದು

ಈಗ ಇವತ್ತಿನ ಸ್ಕ್ರ್ಯಾಂಬ್ಲರ್ ನೋಡೋಣ. ಟ್ರಯಂಫ್ 2006ರಲ್ಲಿ ಈ ಹೆಸರನ್ನ ಮತ್ತೆ ತಂದಿತು. ಡುಕಾಟಿಯದು 2015ರಿಂದ ಮಾರಾಟಕ್ಕೆ ಬಂತು. ನಮ್ಮ ದೇಶದಲ್ಲಿ 2022ರಲ್ಲಿ ಯೆಜ್ಡಿ ಸ್ಕ್ರ್ಯಾಂಬ್ಲರ್ ಬಂತು. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹೆಸರು ಅದು, ಗಾಡಿ ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾದದ್ದು. 2023ರಲ್ಲಿ ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್, 2024ರಲ್ಲಿ ರಾಯಲ್ ಎನ್‌ಫೀಲ್ಡ್ ಬೇರ್ 650 ಬಂದವು.

ಇವುಗಳ ಮೈಯನ್ನ ಒಂದು ಪಠ್ಯದ ಹಾಗೆ ಓದಬಹುದು. ಮೇಲೆತ್ತಿದ ಸೈಲೆನ್ಸರ್ ಕಲ್ಲಿಗೆ ತಾಗಬಾರದು, ಹಳ್ಳ ದಾಟುವಾಗ ನೀರು ಹೊಗಬಾರದು ಅಂತ. ಅಗಲ ಹ್ಯಾಂಡಲ್ ನಿಂತು ಓಡಿಸುವಾಗ ಹಿಡಿತ ಸಿಗಲಿ ಅಂತ. ಮುಂದಿನ ಶಾಕಿಗೆ ಹಾಕಿದ ರಬ್ಬರ್ ಚೀಲ ಮಣ್ಣು ಒಳಗೆ ಹೋಗದಿರಲಿ ಅಂತ. ಗಂಟುಗಂಟಿನ ಟಯರು ಸಡಿಲ ಮಣ್ಣು ಕಚ್ಚಲಿ ಅಂತ. ಒಂದೊಂದಕ್ಕೂ ಒಂದು ಕಷ್ಟದ ಕತೆ ಇದೆ. ಕಷ್ಟ ಹೋದ ಮೇಲೂ ಅದರ ಗುರುತು ಉಳಿದಿದೆ.

ಈ ಗುರುತುಗಳಲ್ಲಿ ನನ್ನನ್ನ ಹೆಚ್ಚು ಹಿಡಿದು ನಿಲ್ಲಿಸೋದು ಪಕ್ಕದ ನಂಬರ್ ಬೋರ್ಡು. ಓಟದಲ್ಲಿ ಸವಾರನ ಸಂಖ್ಯೆ ಬರೆಯೋಕೆ ಇದ್ದ ಫಲಕ ಅದು. ಇವತ್ತಿನ ಎಷ್ಟೋ ಗಾಡಿಗಳಲ್ಲಿ ಅದು ಖಾಲಿ ಇರುತ್ತೆ. ಓಟ ಇಲ್ಲ, ಸಂಖ್ಯೆ ಇಲ್ಲ, ಫಲಕ ಮಾತ್ರ ಇದೆ. ಬೇರ್ 650ರ ಒಂದು ಬಣ್ಣದಲ್ಲಿ 249 ಅಂತ ಇದೆ. ಅದು ಸುಳ್ಳು ಸಂಖ್ಯೆ ಅಲ್ಲ. 1960ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಓಟವನ್ನ ರಾಯಲ್ ಎನ್‌ಫೀಲ್ಡ್ ಮೇಲೆ ಗೆದ್ದ ಎಡ್ಡಿ ಮಲ್ಡರ್ ಅನ್ನೋ 16 ವರ್ಷದ ಹುಡುಗನ ಸಂಖ್ಯೆ. ಗೌರವದಿಂದ ನೆನೆಯಬೇಕಾದ ಕತೆಯೇ. ಆದರೆ ಆ ಸಂಖ್ಯೆ ಈಗ ಗಾಡಿಯ ಜೊತೆ ಸಿಗುತ್ತೆ. 16 ವರ್ಷದ ಹುಡುಗ ಮರಳಲ್ಲಿ ಉರುಳಿ ಗಳಿಸಿದ್ದನ್ನ ನಾವು ತಿಂಗಳ ಕಂತಿನಲ್ಲಿ ಕೊಳ್ತೀವಿ.

ಇನ್ನೊಂದು, ಹಿಂದಿನ ಸೀಟು. ಜಾಹೀರಾತಿನ ಚಿತ್ರಗಳಲ್ಲಿ ಸ್ಕ್ರ್ಯಾಂಬ್ಲರ್ ಸವಾರ ಬಹುಪಾಲು ಒಂಟಿ. ನಮ್ಮ ದೇಶದ ಮೋಟಾರು ವಾಹನ ನಿಯಮಗಳು ಹಿಂದೆ ಕೂತವರಿಗೆ ಹಿಡಿ, ಕಾಲು ಇಡುವ ಮೆಟ್ಟು, ಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಇರಲೇಬೇಕು ಅಂತ ಹೇಳುತ್ತವೆ. ಆ ತಡೆಯನ್ನೇ ನಾವು ಸೀರೆ ಗಾರ್ಡ್ ಅನ್ನೋದು. ಹುಡುಗರು ಹೊಸ ಗಾಡಿ ಮನೆಗೆ ತಂದ ವಾರದೊಳಗೆ ಮೊದಲು ಬಿಚ್ಚಿಸೋದು ಅದನ್ನೇ. ಕೇಳಿದರೆ ‘ಲುಕ್ ಹಾಳಾಗುತ್ತೆ’ ಅಂತಾರೆ. ಹಾಳಾಗೋದು ನಿಜ. ಯಾಕಂದ್ರೆ ಆ ಲುಕ್ಕಿನ ಕಲ್ಪನೆಯಲ್ಲಿ ಸೀರೆ ಉಟ್ಟು ಹಿಂದೆ ಕೂರೋ ಹೆಂಗಸು ಇಲ್ಲವೇ ಇಲ್ಲ. ಸಂತೆಗೆ ಹೋಗೋ ಅಮ್ಮ ಇಲ್ಲ, ರಾಗಿ ಮೂಟೆ ಇಲ್ಲ, ಹಾಲಿನ ಕ್ಯಾನಿಲ್ಲ.

3. ಯಾರೂ ಇಲ್ಲದ ನಾಡು

ಡುಕಾಟಿ ತನ್ನ ಹೊಸ ಸ್ಕ್ರ್ಯಾಂಬ್ಲರ್ ತಂದಾಗ ಬಳಸಿದ ಘೋಷಣೆ ‘ಲ್ಯಾಂಡ್ ಆಫ್ ಜಾಯ್’, ಆನಂದದ ನಾಡು. ಹಳದಿ ಬಣ್ಣ, ಕಡಲ ದಂಡೆ, ಸದಾ ಬಿಸಿಲು. ಆ ನಾಡಿನಲ್ಲಿ ಎಲ್ಲಾ ಇದೆ, ಅಲ್ಲೇ ಹುಟ್ಟಿ ಬೆಳೆದವರು ಇಲ್ಲ. ಹೊಲ ಇದ್ದರೆ ಅದರ ಒಡೆಯ ಇಲ್ಲ, ಕಾಡು ಇದ್ದರೆ ಕಾವಲುಗಾರ ಇಲ್ಲ. ಹೋಗಿ ಬರುವವನಿಗಾಗಿಯೇ ಮಾಡಿಟ್ಟ ನಾಡು ಅದು.

ಈ ಕಲ್ಪನೆಗೆ ಸಿನಿಮಾದ ಬೇರೂ ಇದೆ. 1963ರ ‘ದಿ ಗ್ರೇಟ್ ಎಸ್ಕೇಪ್’ ಚಿತ್ರದಲ್ಲಿ ಸೆರೆಯಾಳೊಬ್ಬ ಜರ್ಮನಿಯಿಂದ ಸ್ವಿಟ್ಜರ್ಲೆಂಡಿಗೆ ದಾಟಲು ಗಡಿಯ ಮುಳ್ಳುತಂತಿ ಬೇಲಿಯನ್ನ ಮೋಟಾರ್ ಸೈಕಲ್ಲಿನಲ್ಲಿ ಹಾರುತ್ತಾನೆ. ಪಾತ್ರ ಮಾಡಿದ್ದು ಸ್ಟೀವ್ ಮೆಕ್ವೀನ್, ಆ ಜಿಗಿತ ಜಿಗಿದದ್ದು ಡೇವ್ ಈಕಿನ್ಸ್ ಅವರ ಅಣ್ಣ ಬಡ್ ಈಕಿನ್ಸ್, ಗಾಡಿ ಜರ್ಮನ್ ವೇಷ ಹಾಕಿದ ಟ್ರಯಂಫ್. ಸ್ಕ್ರ್ಯಾಂಬ್ಲರ್ ಮಾರುವವರಿಗೂ ಮೆಚ್ಚುವವರಿಗೂ ಈ ದೃಶ್ಯ ಇವತ್ತಿಗೂ ಬೇಕು. ಆದರೆ ಮುಂದೇನಾಗುತ್ತೆ ಅನ್ನೋದನ್ನ ಹೇಳುವವರು ಕಡಿಮೆ. ಅವನು ಮೊದಲನೇ ಬೇಲಿ ದಾಟುತ್ತಾನೆ, ಎರಡನೇ ಬೇಲಿಯ ತಂತಿಯಲ್ಲಿ ಸಿಕ್ಕಿಕೊಂಡು ಸೆರೆಯಾಗುತ್ತಾನೆ. ಗಡಿಯಲ್ಲಿ ಹುಟ್ಟಿದ ನಮಗೆ ಆ ಎರಡನೇ ಬೇಲಿ ಚೆನ್ನಾಗಿ ಗೊತ್ತು. ಮೊದಲನೆಯದು ನಕ್ಷೆಯಲ್ಲಿ ಕಾಣುತ್ತೆ. ಎರಡನೆಯದು ರೇಷನ್ ಕಾರ್ಡಿನಲ್ಲಿ, ಶಾಲೆಯ ದಾಖಲಾತಿಯಲ್ಲಿ, ಪಹಣಿಯ ಭಾಷೆಯಲ್ಲಿ ಇರುತ್ತೆ.

‘ಆಫ್‌ರೋಡ್’ ಅನ್ನೋ ಪದ ಕೆಲಸ ಮಾಡೋದು ಇಲ್ಲಿ. ರಸ್ತೆ ಅಂದರೆ ಡಾಂಬರು, ಡಾಂಬರಿಲ್ಲದ್ದೆಲ್ಲ ದಾರಿಯಲ್ಲದ್ದು, ಅಂದರೆ ಯಾರದ್ದೂ ಅಲ್ಲದ್ದು. ನಮ್ಮೂರಿನ ಓಣಿ, ಏರಿ, ಬದು, ದನದ ದಾರಿ, ಕಾಲುದಾರಿ ಎಲ್ಲವೂ ಒಂದೇ ಚೀಲಕ್ಕೆ ಬಿದ್ದುಬಿಡುತ್ತವೆ. ಈ ಐದಕ್ಕೂ ಐದು ಬೇರೆ ಹಕ್ಕು, ಐದು ಬೇರೆ ನಡಾವಳಿ ಇದೆ. ಬದುವಿನ ಮೇಲೆ ನಡೆಯಬಹುದು, ಗಾಡಿ ಹತ್ತಿಸಿದರೆ ಜಗಳ. ಏರಿ ಮೇಲೆ ಗಾಡಿ ಹೋಗಬಹುದು, ಮಳೆಗಾಲದಲ್ಲಿ ಬಾರದು. ಓಣಿ ಇಬ್ಬದಿಯ ಹೊಲದವರಿಗೂ ಸೇರಿದ್ದು, ಅದನ್ನ ಉಳುವ ಹಾಗಿಲ್ಲ. ಇವು ಯಾವ ಕಚೇರಿಯ ಕಾಗದದಲ್ಲೂ ಪೂರ್ತಿಯಾಗಿ ಇಲ್ಲ. ಇರೋದು ಹೆಸರಲ್ಲಿ. ನಮ್ಮ ಕಡೆ ಭೂದಾಖಲೆ ತಮಿಳಿನಲ್ಲಿದೆ, ಓಣಿಗಳ ಹೆಸರು ಕನ್ನಡದಲ್ಲಿ ಉಳಿದಿವೆ. ಅದೂ ಅಮ್ಮನ ವಯಸ್ಸಿನವರ ಬಾಯಲ್ಲಿ. ಹೆಸರು ಹೋದ ದಿನ ಹಕ್ಕು ಕೇಳೋಕೆ ಮಾತೇ ಇರಲ್ಲ.

4. ಹೊಸೂರಿನ ಸ್ಕ್ರ್ಯಾಂಬ್ಲರ್

ಹಾಗಾದರೆ ನಮ್ಮಲ್ಲಿ ಸ್ಕ್ರ್ಯಾಂಬಲ್ ಇಲ್ಲವೇ? ಇದೆ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂತು. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಅದು. ಅದರ ವಂಶದ್ದೇ ಎಕ್ಸ್‌ಎಲ್, ಮತ್ತು 2015ರಲ್ಲಿ ಬಂದ ಎಕ್ಸ್‌ಎಲ್ 100. ನೂರು ಸಿಸಿಗೆ ಒಂದು ಕೂದಲೆಳೆ ಕಡಿಮೆ, ತೂಕ 90 ಕಿಲೋ ಒಳಗೆ. ಪಕ್ಕದಲ್ಲಿಟ್ಟು ನೋಡಿ: ಸ್ಕ್ರ್ಯಾಂಬ್ಲರ್ 400 ಎಕ್ಸ್ ಸುಮಾರು 180 ಕಿಲೋ, ಬೇರ್ 650 ಇನ್ನೂರಕ್ಕೂ ಮೇಲೆ. ಕೆಸರಲ್ಲಿ ಗಾಡಿ ಮಲಗಿದರೆ ಒಬ್ಬನೇ ಎತ್ತಬಹುದಾದ್ದು ಯಾವುದು ಅಂತ ಬೇರೆ ಹೇಳಬೇಕಿಲ್ಲ.

ನಮ್ಮಪ್ಪ ಟೊಮ್ಯಾಟೊ ಕ್ರೇಟು ಹೊತ್ತು ಹೋಗ್ತಿದ್ದದ್ದು ಇಂಥದ್ದರ ಮೇಲೆ. ಹಿಂದಿನ ಸೀಟು ಬಿಚ್ಚಿಡ್ತಿದ್ದ. ಹಳೇ ಟ್ಯೂಬು ಕತ್ತರಿಸಿ ಹಗ್ಗ ಮಾಡ್ತಿದ್ದ. ಕೊರಕಲು ಬಿದ್ದ ಓಣಿಯಲ್ಲಿ ಎರಡೂ ಕಾಲು ಚಾಚಿ, ಎಂಜಿನ್ನಿಗೆ ಸ್ವಲ್ಪ ಸ್ವಲ್ಪವೇ ಜೀವ ಕೊಡುತ್ತಾ, ಕೆಲವು ಸಲ ಇಳಿದು ತಳ್ಳುತ್ತಾ ಹೋಗ್ತಿದ್ದ. ಕ್ಯಾಂಬರ್ಲಿಯ ಓಟಗಾರರು ಮಾಡಿದ್ದೂ ಇದೇ ತಾನೇ? ಇರೋ ಗಾಡಿ, ಬೇಡದ್ದು ಬಿಚ್ಚು, ಹೇಗೋ ಮುಟ್ಟು. ಅವರಿಗೆ ಅದು ಬಿಡುವಿನ ಆಟ, ಅಪ್ಪನಿಗೆ ಮಾರ್ಕೆಟ್ ಮುಗಿಯೋದರೊಳಗೆ ತಲುಪಬೇಕಾದ ಅವಸರ. ಅಷ್ಟೇ ವ್ಯತ್ಯಾಸ. ಆದರೆ ಅಪ್ಪನಿಗೆ ಯಾರೂ ನಂಬರ್ ಬೋರ್ಡು ಕೊಡಲಿಲ್ಲ.

ಇದನ್ನ ಹೇಳುವಾಗ ನನಗೇ ಒಂದು ಎಚ್ಚರ ಬೇಕು. ಬಡತನದ ಗಾಡಿ ನಿಜವಾದದ್ದು, ದುಡ್ಡಿನ ಗಾಡಿ ಸುಳ್ಳು ಅಂತ ಹೇಳಿ ಮುಗಿಸೋದು ಸುಲಭ. ಅಪ್ಪನಿಗೆ ಆ ಓಣಿ ಖುಷಿ ಕೊಟ್ಟಿರಲಿಲ್ಲ. ಒಂದು ಸಲ ಬಿದ್ದು ಮೊಣಕೈ ಮುರಿದಿತ್ತು. ಡಾಂಬರು ಬರಲಿ ಅಂತ ಆತ ಅರ್ಜಿ ಕೊಟ್ಟವನೇ. ಅಣ್ಣನ ಮಗನೂ ಕೆಟ್ಟವನಲ್ಲ. ವಾರವಿಡೀ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತು ಬೇಸತ್ತವನು ಅಜ್ಜಿ ಊರಿನ ಧೂಳಿಗೆ ಹಂಬಲಿಸಿದರೆ ತಪ್ಪೇನಿದೆ? ಗಾಡಿ ಇಲ್ಲದಿದ್ದರೆ ಬಹುಶಃ ಅವನು ಊರಿಗೆ ಬರುತ್ತಲೂ ಇರಲಿಲ್ಲ.

ಹಾಗಾಗಿ ನನ್ನ ತಕರಾರು ಗಾಡಿಯ ಮೇಲಲ್ಲ, ಗಾಡಿ ಜೊತೆಗೆ ಬರುವ ಪದದ ಮೇಲೆ. ಮೋಟಾರ್ ಸೈಕಲ್ ವಿಮರ್ಶೆ ಅಂತ ನಾವು ಓದೋದು ಎಂಜಿನ್ನಿನ ಬಲ, ಸೀಟಿನ ಎತ್ತರ, ಮೈಲೇಜು. ಅದು ಬೇಕು. ಜೊತೆಗೆ ಮೂರು ಪ್ರಶ್ನೆ ಸೇರಿಸಿ ಅಂತ ಕೇಳ್ತೀನಿ. ಈ ಗಾಡಿಯ ಹಿಂದೆ ಯಾರು ಕೂರಬಹುದು? ಇದು ಕೆಡವಿದಾಗ ಯಾರು ಎತ್ತಬಹುದು? ಇದು ಹೋಗುತ್ತೇನೆ ಅನ್ನುವ ‘ದಾರಿಯಲ್ಲದ ದಾರಿ’ಗೆ ಅಲ್ಲಿಯವರು ಏನಂತ ಕರೀತಾರೆ?

ಮಾರನೇ ದಿನ ಬೆಳಗ್ಗೆ ಹುಡುಗರು ಹೊರಟಾಗ ಅಮ್ಮನೇ ಮುಂದೆ ನಿಂತು ದಾರಿ ಹೇಳಿದಳು. ಯಾವ ಓಣಿ ಹಿಡೀಬೇಕು, ಎಲ್ಲಿ ಇಳೀಬೇಕು, ಯಾರ ಹೊಲದಲ್ಲಿ ಅವರೆ ಇನ್ನೂ ನಿಂತಿದೆ. ಅಣ್ಣನ ಮಗ ಆ ಹೆಸರುಗಳನ್ನ ಫೋನಿನಲ್ಲಿ ಕನ್ನಡದಲ್ಲೇ ಬರೆದುಕೊಂಡ. ಹನ್ನೊಂದು ಹೆಸರು. ಅದರಲ್ಲಿ ನಾಲ್ಕು ನನಗೇ ಗೊತ್ತಿರಲಿಲ್ಲ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಸಂವಾದ

ಅಕ್ಕಲಕೋಟೆಯಿಂದ ಭಾಗವಹಿಸಿದವರು: ಸರ್, ಛಲೋ ಹೇಳಿದ್ರಿ. ಒಂದು ಮಾತ ಸೇರಸ್ತೀನಿ. ನಮ್ಮದು ಎರಿ ಭೂಮಿ. ಮಳಿ ಬಿದ್ರ ಮಡ್‌ಗಾರ್ಡಿನ್ಯಾಗ ಮಣ್ಣ ಹೊಕ್ಕೊಂಡು ಗಾಲಿ ತಿರಗಂಗಿಲ್ಲ. ಕಡ್ಡಿ ತಗೊಂಡು ಕೆದರಕೋತ ಹೋಗಬೇಕು. ಬ್ಯಾಸರಾಗಿ ಮುಂದಿನ ಮಡ್‌ಗಾರ್ಡ್ ಬಿಚ್ಚೇ ಇಡೋರು ಅದಾರ. ಇದಕ ನೀವು ಏನಂತೀರಿ?

ಉತ್ತರ: ಬಹಳ ಒಳ್ಳೇ ಮಾತು, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮದು ಕೆಂಪು ಮಣ್ಣು, ಈ ತೊಂದರೆ ಅಷ್ಟಿಲ್ಲ. ಮಣ್ಣಿನ ಓಟದ ಗಾಡಿಗಳಲ್ಲಿ ಮುಂದಿನ ಮಡ್‌ಗಾರ್ಡು ಚಕ್ರದಿಂದ ಎತ್ತರದಲ್ಲಿ ಇರೋದು ಸರಿಯಾಗಿ ಇದೇ ಕಾರಣಕ್ಕೆ. ಇವತ್ತಿನ ಅಂಗಡಿಯ ಸ್ಕ್ರ್ಯಾಂಬ್ಲರ್‌ಗಳಲ್ಲಿ ಅದು ಬಹುಮಟ್ಟಿಗೆ ಚಕ್ರಕ್ಕೆ ಅಂಟಿಕೊಂಡೇ ಇರುತ್ತೆ. ಸೈಲೆನ್ಸರ್ ಮೇಲೆ ಹೋಯ್ತು, ಮಡ್‌ಗಾರ್ಡು ಹೋಗಲಿಲ್ಲ. ಯಾವುದು ಕೆಲಸಕ್ಕೆ, ಯಾವುದು ನೋಟಕ್ಕೆ ಅನ್ನೋದನ್ನ ನಿಮ್ಮ ಎರೆಮಣ್ಣು ನನಗಿಂತ ಚೆನ್ನಾಗಿ ವಿಮರ್ಶೆ ಮಾಡಿದೆ.

ತಾಳವಾಡಿಯ ಶಿಕ್ಷಕರೊಬ್ಬರು: ನಮ್ಮ ಕಷ್ಟ ಬೇರೆ ಸರ್. ದಿಂಬಂ ಘಾಟಿಯ 27 ತಿರುವು ಹತ್ತಿ ಶನಿವಾರ, ಭಾನುವಾರ ಗುಂಪು ಗುಂಪಾಗಿ ಬರ್ತಾರೆ. ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಕೆಲವರು ಪಕ್ಕದ ಕಾಡುದಾರಿಗೆ ಇಳಿಸಿಬಿಡ್ತಾರೆ. ರಾತ್ರಿ ಆ ರಸ್ತೆಯಲ್ಲಿ ಓಡಾಟಕ್ಕೆ ನಿರ್ಬಂಧ ಬಂದ ಮೇಲೆ ಊರವರಿಗೇ ಸಂಕಟ ಇದೆ, ಈ ಆಟದವರಿಂದ ಇನ್ನೂ ಬಿಗಿ ಆಗ್ತದೆ ಅನ್ನೋ ಭಯ. ದಾರಿಗೆ ಹೆಸರು ಕಲಿತ ಮಾತ್ರಕ್ಕೆ ಇದು ನಿಲ್ತದಾ?

ಉತ್ತರ: ನಿಲ್ಲಲ್ಲ ಸರ್, ಒಪ್ತೀನಿ. ಕಾಡಿಗೆ ಗಾಡಿ ನುಗ್ಗಿಸೋದು ಕಾನೂನಿನ ಪ್ರಕಾರ ಅಪರಾಧ, ಅದನ್ನ ತಡೆಯೋದು ಇಲಾಖೆಯ ಕೆಲಸ. ನಾನು ಹೇಳೋದು ಅದಕ್ಕೂ ಹಿಂದಿನ ಹೆಜ್ಜೆ. ‘ಟ್ರೇಲ್’ ಅಂದಾಗ ಇಳಿಸೋಕೆ ಮನಸ್ಸು ಬರುತ್ತೆ. ‘ಆನೆ ದಾರಿ’ ಅಂತ ಕೇಳಿದವನು ಒಂದು ಕ್ಷಣ ಬ್ರೇಕ್ ಹಿಡೀತಾನೆ. ಆ ಒಂದು ಕ್ಷಣಕ್ಕೋಸ್ಕರ ನಾನು ಹೆಸರಿನ ಪರವಾಗಿ ವಾದ ಮಾಡ್ತಿದ್ದೀನಿ.

ಕಾಸರಗೋಡಿನ ಸಂಶೋಧನಾ ವಿದ್ಯಾರ್ಥಿನಿ: ನಮಸ್ಕಾರ. ನಾನೇ ಸ್ಕ್ರ್ಯಾಂಬ್ಲರ್ ಓಡಿಸುವವಳು. ಹಿಂದಿನ ಸೀಟಿನ ಬಗ್ಗೆ ನೀವು ಹೇಳಿದ್ದು ಸರಿ, ಆದರೆ ನಿಮ್ಮ ಮಾತಿನಲ್ಲಿಯೂ ಹೆಂಗಸು ಹಿಂದೆಯೇ ಕೂತಿದ್ದಾಳಲ್ಲ? ಮುಂದೆ ಕೂತವಳು ಎಲ್ಲಿ?

ಉತ್ತರ: (ನಗು) ಸಿಕ್ಕಿಬಿದ್ದೆ. ನೀವು ಹೇಳಿದ್ದು ನಿಜ, ನನ್ನ ಕಣ್ಣಿಗೂ ಅದೇ ಚಿತ್ರ ಕೂತಿದೆ. ಲೇಖನ ಮಾಡುವಾಗ ಈ ಪ್ರಶ್ನೆ ತೆಗೆಯದೆ ಹಾಗೇ ಇಡ್ತೀನಿ. ನಿಮ್ಮ ಕಡೆಯ ದಾರಿಗಳ ಬಗ್ಗೆ ನೀವೇ ಬರೆಯಬೇಕು ಅಮ್ಮ. ಸೀಟಿನ ಎತ್ತರದಿಂದ ಶುರು ಮಾಡಿ. 835 ಮಿಲಿಮೀಟರ್ ಎತ್ತರದ ಸೀಟನ್ನ ಯಾರ ಕಾಲಿನ ಅಳತೆಗೆ ಮಾಡಿದ್ದು ಅನ್ನೋದನ್ನ ನನಗಿಂತ ನೀವು ಚೆನ್ನಾಗಿ ಹೇಳಬಲ್ಲಿರಿ.

ಸಮಯ ಮೀರಿದೆ ಅಂತ ಸಂಯೋಜಕರು ಸನ್ನೆ ಮಾಡ್ತಿದ್ದಾರೆ.